ಒಳ್ಳೆಯ ಧಣಿಯ ಹಂಗು

1

ರಾಜಕೀಯ ಸಿದ್ಧಾಂತ ಎಂದ ಕೂಡಲೇ ನಮ್ಮಲ್ಲಿ ಎರಡು ಬಗೆಯ ಪ್ರತಿಕ್ರಿಯೆ ಕಾಣುತ್ತದೆ. ಅದು ವಿಶ್ವವಿದ್ಯಾಲಯದವರ ಬಾಬತ್ತು, ಚಳವಳಿಗೆ ಅದರಿಂದ ಎಂತ ಆಗುವುದುಂಟು ಎಂಬ ಉಡಾಫೆ ಒಂದು. ಸ್ವಾತಂತ್ರ್ಯ, ನ್ಯಾಯ, ಮನ್ನಣೆ, ಪೌರತ್ವ ಮುಂತಾದ ಮಾತುಗಳನ್ನು ಗರ್ಭಗುಡಿಯಲ್ಲಿಟ್ಟು ಹೊರಗಿನಿಂದ ಕೈಮುಗಿಯುವ ಭಕ್ತಿ ಇನ್ನೊಂದು. ಪರಿಕಲ್ಪನೆಯೊಂದನ್ನು ಗದ್ದೆಗೆ ಇಳಿಸಿ, ಅದರ ಕಾಲಿಗೆ ಕೆಸರು ತಾಗಿದರೆ ಏನಾಗುತ್ತದೆ ಎಂದು ನೋಡುವ ಕೆಲಸ ಎರಡರಲ್ಲೂ ಇಲ್ಲ.

ಗೋಪಾಲ್ ಗುರು 2002ರಲ್ಲಿ ಎತ್ತಿದ ತಕರಾರು ಇಲ್ಲಿ ನೆನಪಾಗಬೇಕು. ಭಾರತದ ಸಮಾಜವಿಜ್ಞಾನದಲ್ಲಿ ಸಿದ್ಧಾಂತ ಕಟ್ಟುವವರು ಒಂದು ಜಾತಿ, ಅದಕ್ಕೆ ಅನುಭವದ ಸಾಮಗ್ರಿ ಹೊತ್ತು ಕೊಡುವವರು ಇನ್ನೊಂದು ಜಾತಿ ಎಂಬಂತಾಗಿದೆ ಎಂಬುದು ಅವರ ವಾದದ ತಿರುಳು. ಕನ್ನಡ ವಿಮರ್ಶೆಯಲ್ಲೂ ಹೀಗೇ ಆಯಿತು. ದಲಿತ ಲೇಖಕ ಅನುಭವ ಕೊಡಬೇಕು. ಅದರ ಅರ್ಥವನ್ನು ಬೇರೆಯವರು ಹೇಳುತ್ತಾರೆ. ಹಾಗಾಗಿ ದಲಿತ ವಿಮರ್ಶೆಗೆ ಪರಿಕಲ್ಪನೆಗಳ ಜೊತೆ ಕುಸ್ತಿ ಆಡುವುದು ತಪ್ಪಿದ್ದಲ್ಲ.

ಬ್ರಹ್ಮಾವರದಿಂದ ಕುಂದಾಪುರ ದಾಟಿ ಬೈಂದೂರಿನವರೆಗಿನ ಕರಾವಳಿಯ ಪಟ್ಟಿ ಈ ಕುಸ್ತಿಗೆ ಒಳ್ಳೆಯ ಅಖಾಡ. ಇಲ್ಲಿ ಭೂಸುಧಾರಣೆ ನಡೆದಿದೆ, ಶಾಲೆ ಕಾಲೇಜುಗಳು ಬಂದಿವೆ, ಬೊಂಬಾಯಿಯ ಹೋಟೆಲಿನ ದುಡ್ಡೂ ಬಂದಿದೆ. 2018ರಲ್ಲಿ ಬೈಂದೂರು, ಬ್ರಹ್ಮಾವರಗಳು ಪ್ರತ್ಯೇಕ ತಾಲೂಕುಗಳೂ ಆದವು. 'ಬುದ್ಧಿವಂತರ ಜಿಲ್ಲೆ' ಎಂಬ ಹೆಸರು ಬೇರೆ ಇದೆ. ಇಲ್ಲಿ ಜಾತಿಯ ಬಗ್ಗೆ ಮಾತೆತ್ತಿದರೆ ಬರುವ ಉತ್ತರವೂ ಒಂದೇ: "ಅದೆಲ್ಲ ಘಟ್ಟದ ಮೇಲೆ. ನಮ್ಮಲ್ಲಿ ಧಣಿಗಳು ಭಾರೀ ಒಳ್ಳೆಯವ್ರ್, ಮರಾಯ್ರೆ."

ಈ ಲೇಖನದ ಜಗಳ ಆ ಮಾತಿನ ಜೊತೆ. ಧಣಿ ಒಳ್ಳೆಯವನಾದ ಮಾತ್ರಕ್ಕೆ ಆಳು ಸ್ವತಂತ್ರನಾಗುತ್ತಾನೆಯೇ?

2

ಶಿವರಾಮ ಕಾರಂತರ 'ಚೋಮನ ದುಡಿ' ಪ್ರಕಟವಾದದ್ದು 1933ರಲ್ಲಿ. ಲೇಖಕರು ಹುಟ್ಟಿದ್ದು ಈಗ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ. ಕಥೆ ನಡೆಯುವ ಭೋಗನಹಳ್ಳಿ ಕುಂದಾಪುರದ ಓದುಗನಿಗೆ ಪಕ್ಕದೂರಿನ ಹಾಗೆಯೇ ಕಾಣುತ್ತದೆ. ಚೋಮ ಮಾರಿ ಹೊಲೆಯ. ಅವನ ಹತ್ತಿರ ಜೋಡಿ ಎತ್ತು ಉಂಟು, ನೆಲ ಇಲ್ಲ. ಅವನ ಜಾತಿಯವರು ಕಂಡವರ ಗದ್ದೆಯಲ್ಲಿ ದುಡಿಯಬಹುದು. ಗೇಣಿಗೆ ಹಿಡಿದು ತಮ್ಮದೇ ಬೇಸಾಯ ಮಾಡುವ ಹಾಗಿಲ್ಲ. ಚೋಮ ಹೋಗಿ ಕೇಳುತ್ತಾನೆ. ಒಡೆಯ ಸಂಕಪ್ಪಯ್ಯ ಕ್ರೂರಿಯಲ್ಲ, ಅವನಿಗೆ ಮರುಕ ಇದೆ, ಕೊಟ್ಟರೇನು ಎಂದೂ ಅನಿಸುತ್ತದೆ. ತಾಯಿ ಒಪ್ಪುವುದಿಲ್ಲ. ಅಲ್ಲಿಗೆ ಮುಗಿಯಿತು.

ನಮ್ಮ ವಿಮರ್ಶೆ ಈ ಕಾದಂಬರಿಯನ್ನು ಬಹಳ ಕಾಲ ಒಂದು ದುರಂತವಾಗಿ ಓದಿತು. ಈಡೇರದ ಆಸೆ, ಕೈಬಿಟ್ಟುಹೋಗುವ ಮಕ್ಕಳು, ಕೊನೆಗೆ ನೇಗಿಲು ಮುರಿದು, ಎತ್ತುಗಳನ್ನು ಓಡಿಸಿ, ಬಾಗಿಲು ಹಾಕಿಕೊಂಡು ದುಡಿ ಬಡಿಯುತ್ತಲೇ ಸಾಯುವ ಚೋಮ. ಬಿ. ವಿ. ಕಾರಂತರ 1975ರ ಸಿನಿಮಾ ಸ್ವರ್ಣಕಮಲ ಪಡೆದದ್ದೂ ಈ ಓದಿಗೆ ಬಲ ಕೊಟ್ಟಿತು. ಆಮೇಲೆ ದಲಿತ ಸಂವೇದನೆಯಿಂದ ಬಂದ ಓದು ಇದನ್ನು ಅನುಕಂಪದ ಸಾಹಿತ್ಯ ಎಂದು ಕರೆಯಿತು. ಚೋಮ ಯಾಕೆ ತಿರುಗಿ ಬೀಳಲಿಲ್ಲ ಎಂದು ಕೇಳಿತು. ಈ ಪ್ರಶ್ನೆಗೆ ತನ್ನದೇ ಆದ ನ್ಯಾಯ ಇದೆ. ಆದರೆ ಎರಡು ಓದುಗಳ ಕಣ್ಣೂ ಚೋಮನ ಮೇಲೆಯೇ ನೆಟ್ಟಿದೆ. ಒಬ್ಬರಿಗೆ ಅವನ ಕಣ್ಣೀರು ಬೇಕು, ಇನ್ನೊಬ್ಬರಿಗೆ ಅವನ ಸಿಟ್ಟು ಬೇಕು. ಸಂಕಪ್ಪಯ್ಯ ಮಾತ್ರ ಇಬ್ಬರ ಕೈಯಿಂದಲೂ ತಪ್ಪಿಸಿಕೊಂಡಿದ್ದಾನೆ. ಕೆಟ್ಟವನಲ್ಲ ಎಂಬ ಒಂದೇ ಕಾರಣಕ್ಕೆ ಅವನನ್ನು ಯಾರೂ ವಿಚಾರಣೆಗೆ ಕರೆಯಲಿಲ್ಲ.

ಡಿ. ಆರ್. ನಾಗರಾಜ್ 1993ರ 'ದಿ ಫ್ಲೇಮಿಂಗ್ ಫೀಟ್' ಪುಸ್ತಕದಲ್ಲಿ ಗಾಂಧಿಯ ದಾರಿಯನ್ನು ಆತ್ಮಶುದ್ಧಿಯ ದಾರಿ, ಅಂಬೇಡ್ಕರರದನ್ನು ಆತ್ಮಗೌರವದ ದಾರಿ ಎಂದು ಬಿಡಿಸಿ ನೋಡಿದರು. ಆತ್ಮಶುದ್ಧಿಯ ನಾಟಕದಲ್ಲಿ ಮುಖ್ಯ ಪಾತ್ರ ಯಾವತ್ತೂ ಮೇಲ್ಜಾತಿಯವನದು. ಅವನ ಮನಸ್ಸು ಕರಗಬೇಕು. ಪೂನಾ ಒಪ್ಪಂದವಾದದ್ದು 1932ರಲ್ಲಿ. ಅದರ ಮರುವರ್ಷ ಹೊರಬಂದ ಈ ಕಾದಂಬರಿಯ ಹೆಚ್ಚುಗಾರಿಕೆ ಎಂದರೆ, ಮನಸ್ಸು ಕರಗಿದ ಮೇಲೂ ಏನೂ ಆಗುವುದಿಲ್ಲ ಎಂಬುದನ್ನು ಅದು ತೋರಿಸಿಬಿಟ್ಟಿದೆ. ಲೇಖಕರ ಉದ್ದೇಶ ಏನೇ ಇರಲಿ, ಪಠ್ಯ ಕೊಡುವ ಸಾಕ್ಷಿ ಅದು.

3

ಈಗ ಪರಿಕಲ್ಪನೆಯ ಕಡೆ ಬರೋಣ. ಐಸಾಯಾ ಬರ್ಲಿನ್ 1958ರ ಉಪನ್ಯಾಸದಲ್ಲಿ ವಿವರಿಸಿದ ಒಂದು ಬಗೆಯ ಸ್ವಾತಂತ್ರ್ಯದಲ್ಲಿ, ನನ್ನ ದಾರಿಗೆ ಬೇರೆಯವರು ಅಡ್ಡ ಬಾರದಿದ್ದರೆ ನಾನು ಸ್ವತಂತ್ರ. ಉದಾರವಾದದ ಬಹುಪಾಲು ಮಾತುಕತೆ ಈ ಅಳತೆಗೋಲಿನಲ್ಲೇ ನಡೆಯುತ್ತದೆ. ಇದನ್ನು ಹಿಡಿದು ಅಳೆದರೆ ಒಡೆಯ ಗದರಿಸದ ದಿನ ಚೋಮ ಸ್ವತಂತ್ರ. ಒಡೆಯ ವರ್ಷವಿಡೀ ಗದರಿಸದಿದ್ದರೆ ವರ್ಷವಿಡೀ ಸ್ವತಂತ್ರ. ಕರಾವಳಿಯ 'ಒಳ್ಳೆಯ ಧಣಿ' ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಆಸರೆ ಬೇಡ.

ಫಿಲಿಪ್ ಪೆಟಿಟ್ 1997ರ ತಮ್ಮ 'ರಿಪಬ್ಲಿಕನಿಸಂ' ಪುಸ್ತಕದಲ್ಲಿ ಈ ಅಳತೆಗೋಲನ್ನೇ ಪ್ರಶ್ನಿಸಿದರು. ಒಡೆಯ ಅಡ್ಡ ಬಂದನೇ ಎಂದು ಕೇಳಿದರೆ ಸಾಲದು. ಬೇಕೆಂದಾಗ ಬರಬಲ್ಲನೇ ಎಂದು ಕೇಳಬೇಕು. ದಯಾಳು ಒಡೆಯನ ಗುಲಾಮ ಪೆಟ್ಟು ತಿನ್ನದೆ ಬದುಕಬಹುದು. ಆದರೂ ಅವನು ಗುಲಾಮನೇ, ಯಾಕೆಂದರೆ ಆ ದಯೆ ನಾಳೆ ಇರುತ್ತದೆಯೋ ಇಲ್ಲವೋ ಎಂಬುದು ಒಡೆಯನ ಮರ್ಜಿ. ಯಜಮಾನಿಕೆ ಇರುವುದು ಚಾಟಿಯಲ್ಲಲ್ಲ, ಮರ್ಜಿಯಲ್ಲಿ.

ಇದನ್ನು ತಿಳಿಯಲಿಕ್ಕೆ ನಮಗೆ ಪರದೇಶದ ಪುಸ್ತಕವೇ ಆಗಬೇಕೆಂದಿಲ್ಲ. ಕನ್ನಡದಲ್ಲಿ 'ಹಂಗು' ಎಂಬ ಮಾತಿದೆ. ಹಂಗು ಹಿಂಸೆಯಲ್ಲ, ಸಾಲವೂ ಅಲ್ಲ. ಸಾಲಕ್ಕೆ ಲೆಕ್ಕ ಇದೆ, ತೀರಿಸಿದರೆ ಮುಗಿಯಿತು. ಹಂಗಿಗೆ ಲೆಕ್ಕವೇ ಇಲ್ಲ. ಉಂಡ ಗಂಜಿ, ಕೊಟ್ಟ ಹಳೆಬಟ್ಟೆ, ಮಗಳ ಮದುವೆಗೆ ಬಂದ ಅಕ್ಕಿ, ಆಸ್ಪತ್ರೆಗೆ ಸೇರಿಸಿದ ಉಪಕಾರ ಎಲ್ಲವೂ ಅದರಲ್ಲಿ ಸೇರುತ್ತದೆ, ಯಾವುದೂ ಕಳೆಯುವುದಿಲ್ಲ. ಹಂಗಿನಲ್ಲಿದ್ದವನು ಮಾತಾಡುವ ಮೊದಲು ಮುಖ ನೋಡುತ್ತಾನೆ. ಹಂಗು ಹರಿಯುವುದು ಎಂದು ನಮ್ಮವರು ಹೇಳುವುದನ್ನೇ ಈ ಸಿದ್ಧಾಂತ ಸ್ವಾತಂತ್ರ್ಯ ಎಂದು ಕರೆಯುತ್ತಿದೆ.

ಆದರೆ ಚೋಮನ ಗದ್ದೆಗೆ ಇಳಿದ ಮೇಲೆ ಈ ಸಿದ್ಧಾಂತವೂ ಒಂದು ಕಡೆ ಕಾಲು ಜಾರುತ್ತದೆ. ಅದು ಒಬ್ಬ ಯಜಮಾನನನ್ನು ಹುಡುಕುತ್ತದೆ. ಅವನ ಮರ್ಜಿಯನ್ನು ಕಾನೂನಿನಿಂದ ಕಟ್ಟಿದರೆ ಆಳು ಸ್ವತಂತ್ರ. ಸಂಕಪ್ಪಯ್ಯನ ಮರ್ಜಿ ಕೊಡುವ ಕಡೆಗೇ ಇತ್ತಲ್ಲ? ತಡೆದದ್ದು ತಾಯಿ. ತಾಯಿಯ ಬಾಯಲ್ಲಿ ಮಾತಾಡಿದ್ದು ಊರು. ಚೋಮನ ಮಗ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದವರನ್ನು ತಡೆದು ನಿಲ್ಲಿಸಿದ್ದು ಯಾವ ಧಣಿಯ ಅಪ್ಪಣೆಯೂ ಅಲ್ಲ. ಮುಟ್ಟಬಾರದು ಎಂಬುದು ಅವರ ಮೈಯಲ್ಲೇ ಇತ್ತು.

ಈ ಮುಖವಿಲ್ಲದ ಯಜಮಾನನನ್ನು ಗುರುತಿಸಿದವರು ಅಂಬೇಡ್ಕರ್. ಅವರು ಹೇಳಿದ ಶ್ರೇಣೀಕೃತ ಅಸಮಾನತೆಯಲ್ಲಿ ಮೇಲೆ ಒಬ್ಬ, ಕೆಳಗೆ ಒಬ್ಬ ಎಂದು ಇಬ್ಬರೇ ಇರುವುದಿಲ್ಲ. ಮೆಟ್ಟಿಲ ಮೇಲೆ ಮೆಟ್ಟಿಲು. ಪ್ರತಿಯೊಬ್ಬನಿಗೂ ತುಳಿಯಲಿಕ್ಕೆ ಒಬ್ಬ ಸಿಗುತ್ತಾನೆ. ಹಾಗಾಗಿ ಮೆಟ್ಟಿಲನ್ನು ಕಾಯಲಿಕ್ಕೆ ಬೇರೆ ಕಾವಲುಗಾರ ಬೇಡ. ಸಂಕಪ್ಪಯ್ಯ ಚೋಮನ ಒಡೆಯನೂ ಹೌದು, ಊರ ಕಟ್ಟಲೆಯ ಆಳೂ ಹೌದು. ಅವನ ಒಳ್ಳೆಯತನ ನಿಜವಾದದ್ದು, ಆದರೆ ನಿರುಪಯೋಗಿ. 1936ರಲ್ಲಿ ಅಂಬೇಡ್ಕರ್ ಜಾತಿಯ ಸುಧಾರಣೆ ಎನ್ನದೆ ಜಾತಿ ವಿನಾಶ ಎಂದೇ ಹೇಳಿದ್ದರ ಅರ್ಥ ಇಲ್ಲಿ ಹೊಳೆಯುತ್ತದೆ. ಒಳ್ಳೆಯವರ ಸಂಖ್ಯೆ ಹೆಚ್ಚಿಸುವುದು ಅದರ ಮದ್ದಲ್ಲ.

4

ಚೋಮ ಕೇಳಿದ ನೆಲ ಅವನ ಮೊಮ್ಮಕ್ಕಳಿಗಾದರೂ ಸಿಕ್ಕಿತೇ? 1974ರ ಮಾರ್ಚ್ 1ರಿಂದ ಜಾರಿಗೆ ಬಂದ ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿಯನ್ನು ಕರಾವಳಿಯ ದೊಡ್ಡ ಕ್ರಾಂತಿ ಎಂದು ನಾವೆಲ್ಲ ಹೇಳುತ್ತೇವೆ. ಅದು ಸುಳ್ಳಲ್ಲ. ಗೇಣಿ ಹೋಯಿತು, ಚಾಲಗೇಣಿ ಒಕ್ಕಲು ಭೂಮಾಲೀಕನಾದ, ನಮೂನೆ 7ರ ಅರ್ಜಿ ಹಿಡಿದು ಭೂನ್ಯಾಯಮಂಡಳಿಯ ಎದುರು ಧಣಿಯನ್ನು ಪ್ರತಿವಾದಿಯಾಗಿ ನಿಲ್ಲಿಸಿದ. ಹಂಗು ಹರಿಯುವುದು ಎಂದರೆ ಏನೆಂದು ಈ ಜಿಲ್ಲೆಯ ಮಧ್ಯಮ ಜಾತಿಗಳಿಗೆ ಅವತ್ತು ಗೊತ್ತಾಯಿತು.

'ಉಳುವವನೇ ಹೊಲದೊಡೆಯ' ಎಂಬುದು ಅದರ ಘೋಷಣೆ. ಉಳುವವನು ಯಾರು? ಕಾನೂನಿನ ಪ್ರಕಾರ ಸ್ವಂತ ಸಾಗುವಳಿ ಎಂದರೆ ತಾನೇ ದುಡಿಯುವುದು, ಮನೆಯವರನ್ನು ದುಡಿಸುವುದು ಮಾತ್ರವಲ್ಲ. ಕೂಲಿಯವರನ್ನಿಟ್ಟು ಮೇಲೆ ನಿಂತು ನೋಡಿಕೊಳ್ಳುವುದೂ ಅದರಲ್ಲಿ ಸೇರುತ್ತದೆ. ಅಂದರೆ ಬದುವಿನ ಮೇಲೆ ಕೊಡೆ ಹಿಡಿದು ನಿಂತವನು ಉಳುವವನು. ಕೆಸರಿನಲ್ಲಿ ನೇಗಿಲು ಹಿಡಿದವನು ಕೂಲಿ. ಮೂಲದಾಳಾಗಿ ತಲೆಮಾರು ಸವೆಸಿದವನಿಗೆ ಗೇಣಿಯ ಕಾಗದ ಎಲ್ಲಿಂದ ಬರಬೇಕು? ಗೇಣಿಗೆ ಭೂಮಿ ಹಿಡಿಯಬಾರದು ಎಂಬುದೇ ಅವನ ಜಾತಿಯ ಕಟ್ಟಲೆಯಾಗಿತ್ತು. ಗೇಣಿದಾರರಾಗಿದ್ದ ದಲಿತರಿಗೆ ಭೂಮಿ ಬಂತು. ಉಳಿದವರಿಗೆ ಕಾಯ್ದೆಯ 38ನೇ ಕಲಮಿನಲ್ಲಿ, ಧಣಿಯ ಜಾಗದಲ್ಲಿದ್ದ ಗುಡಿಸಲಿನ ಅಡಿಯ ನೆಲದ ಹಕ್ಕು. ಅದೂ ಸಣ್ಣದಲ್ಲ, ಎದ್ದು ಹೋಗು ಎಂದು ಹೇಳುವ ಬಾಯಿಯನ್ನು ಅದು ಮುಚ್ಚಿಸಿತು. ಆದರೆ ಉಣ್ಣುವ ಅಕ್ಕಿಗೆ ಮತ್ತೆ ಅದೇ ಗದ್ದೆ, ಈಗ ಬೇರೆ ಒಡೆಯನದು.

ನ್ಯಾನ್ಸಿ ಫ್ರೇಸರ್ 1990ರ ದಶಕದಲ್ಲಿ ನ್ಯಾಯದ ಎರಡು ಮುಖಗಳನ್ನು ಬಿಡಿಸಿ ತೋರಿಸಿದರು: ಸಂಪತ್ತಿನ ಮರುಹಂಚಿಕೆ ಒಂದು, ಮನುಷ್ಯರಾಗಿ ಮನ್ನಣೆ ಇನ್ನೊಂದು. ವಿಶ್ಲೇಷಣೆಗೆ ಎರಡನ್ನು ಬೇರೆ ಮಾಡಬಹುದು, ಬದುಕಿನಲ್ಲಿ ಅವು ಹೆಣೆದುಕೊಂಡೇ ಇರುತ್ತವೆ ಎಂದು ಅವರೂ ಹೇಳುತ್ತಾರೆ. ನಮ್ಮ ಭೂಸುಧಾರಣೆ ಆ ಹೆಣಿಗೆಯ ಒಂದು ಗಂಟನ್ನು ತೋರಿಸುತ್ತದೆ. ಹಂಚಲಿಕ್ಕೆ ಕುಳಿತ ಸರಕಾರ ಪಟ್ಟಿ ಹಿಡಿದು ಹೆಸರು ಕೂಗಿತು. ಆ ಪಟ್ಟಿಯನ್ನು ಹಿಂದೆಯೇ ಜಾತಿ ಬರೆದಿಟ್ಟಿತ್ತು. ಮನ್ನಣೆ ಇಲ್ಲದವನ ಹೆಸರು ಹಂಚಿಕೆಯ ಹೊತ್ತಿಗೂ ಕೇಳಿಸಲಿಲ್ಲ.

5

ಚೋಮನಿಗಿಂತಲೂ ಕೆಳಗಿನ ಮೆಟ್ಟಿಲಲ್ಲಿ ಊರು ಕೂರಿಸಿದ್ದು ಕೊರಗರನ್ನು. ಸರಕಾರದ ಕಾಗದದಲ್ಲಿ ಅವರು ಪರಿಶಿಷ್ಟ ಪಂಗಡ, ಅದರಲ್ಲೂ ವಿಶೇಷ ದುರ್ಬಲ ಬುಡಕಟ್ಟು. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿ ಇರುವುದು ಕೊರಗರು ಮತ್ತು ಜೇನುಕುರುಬರು ಮಾತ್ರ. ದಲಿತ ಎಂಬ ಮಾತಿನೊಳಗೆ ಅವರು ಬರುತ್ತಾರೋ ಇಲ್ಲವೋ ಎಂದು ಕಚೇರಿಯವರು ಚರ್ಚಿಸಲಿ. ಮುಟ್ಟದ ಕೈಗೆ ಆ ವ್ಯತ್ಯಾಸ ಯಾವತ್ತೂ ಗೊತ್ತಿರಲಿಲ್ಲ.

ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು, ಕಂಬಳ ಶುರುವಾಗುವ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುವುದು, ಇವನ್ನೆಲ್ಲ ಆ ಕಾಯ್ದೆ ಹೆಸರಿಸಿ ಅಪರಾಧ ಎಂದಿತು. ಶಾಸನದ ಭಾಷೆಯಲ್ಲಿ ಇಂಥ ವಾಕ್ಯಗಳನ್ನು ಬರೆಯಬೇಕಾಗಿ ಬಂದದ್ದೇ ಈ ಬುದ್ಧಿವಂತರ ಜಿಲ್ಲೆಯ ಬಗ್ಗೆ ಒಂದು ವಿಮರ್ಶೆ.

ಅಜಲಿನ ಪರವಾಗಿ ಕೇಳಿಬರುತ್ತಿದ್ದ ವಾದ ಗಮನಿಸಬೇಕಾದದ್ದು. ನಾವೇನು ಎಳೆದು ತಂದೆವಾ? ಅವರೇ ಬರುತ್ತಾರೆ. ಅದು ಅವರ ನಂಬಿಕೆ, ದೈವದ ಕಟ್ಟಳೆ. ಬಾರದಿದ್ದರೆ ಅವರಿಗೇ ಹೆದರಿಕೆ. ಇದು 'ಸಮ್ಮತಿ' ಎಂಬ ಪರಿಕಲ್ಪನೆಯ ಹಳ್ಳಿ ರೂಪ. ಸಮ್ಮತಿ ಇದ್ದಲ್ಲಿ ಅನ್ಯಾಯ ಇಲ್ಲ ಎಂದು ನಂಬುವ ಸಿದ್ಧಾಂತಕ್ಕೆ ಇಲ್ಲಿ ಬಾಯಿ ಕಟ್ಟುತ್ತದೆ. ಅದಕ್ಕೆ ಕೇಳಬೇಕಾದ ಪ್ರಶ್ನೆ ಸರಳ: ಒಲ್ಲೆ ಎಂದರೆ ಏನಾಗುತ್ತಿತ್ತು? ಮರುದಿನ ಕೆಲಸಕ್ಕೆ ಕರೆಯುತ್ತಿದ್ದರಾ? ಬುಟ್ಟಿ ಕೊಳ್ಳುತ್ತಿದ್ದರಾ? ಬೀಳು, ಬಿದಿರು ಕಡಿಯಲಿಕ್ಕೆ ಗುಡ್ಡೆಗೆ ಬಿಡುತ್ತಿದ್ದರಾ? ಒಲ್ಲೆ ಎನ್ನಲು ಬಾರದವನು ಹೇಳಿದ ಹೂಂ ಸಮ್ಮತಿಯಲ್ಲ, ಹಂಗಿನ ಇನ್ನೊಂದು ಹೆಸರು.

ಇದನ್ನು ಕೊರಗ ಸಂಘಟನೆಗಳು ಕಾಯ್ದೆ ಬರುವ ಮೊದಲೇ ಕಂಡುಕೊಂಡಿದ್ದವು. 1993ರ ಆಗಸ್ಟ್ 18ರಂದು ಅವರು ಮಂಗಳೂರಿನಲ್ಲಿ ಮೆರವಣಿಗೆ ಹೊರಟದ್ದು ಭೂಮಿಗಾಗಿ. ಆ ದಿನವನ್ನು ಈಗಲೂ ಭೂಮಿ ಹಬ್ಬವಾಗಿ ಆಚರಿಸುತ್ತಾರೆ. 1994ರ ಡಾ. ಮೊಹಮ್ಮದ್ ಪೀರ್ ವರದಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಎಂದು ಶಿಫಾರಸು ಮಾಡಿತು. ಅದರ ಜಾರಿಗಾಗಿ ಹೋರಾಟ ಮುಗಿದಿಲ್ಲ. ಅಜಲಿನಂಥ ಅವಮಾನದ ಎದುರು ಎಕರೆಯ ಲೆಕ್ಕ ಯಾಕೆ ಎಂದು ಕೇಳುವವರಿದ್ದಾರೆ. ಎರಡೂವರೆ ಎಕರೆ ಎಂದರೆ ಇಷ್ಟು ಮುಡಿ ಅಕ್ಕಿ ಎಂದು ಮಾತ್ರ ಅರ್ಥವಲ್ಲ. ಕರೆ ಬಂದಾಗ 'ಬರುದಿಲ್ಲ' ಎನ್ನುವ ಶಕ್ತಿಯ ಅಳತೆ ಅದು. ಹಂಚಿಕೆಯೋ ಮನ್ನಣೆಯೋ ಎಂದು ಸಿದ್ಧಾಂತಿಗಳು ವಾದಿಸುತ್ತಿದ್ದ ಕಾಲದಲ್ಲೇ ಈ ಮೆರವಣಿಗೆ ಎರಡನ್ನೂ ಒಂದೇ ಬೇಡಿಕೆಯಲ್ಲಿ ಕಟ್ಟಿಕೊಂಡು ನಡೆದಿತ್ತು.

6

ಶಬ್ದದ ಬಗ್ಗೆ ಒಂದು ಮಾತು ಹೇಳಬೇಕು. ಚೋಮನಿಗೆ ದುಡಿ, ಕೊರಗರಿಗೆ ಡೋಲು. ಕಂಬಳಕ್ಕೆ, ಜಾತ್ರೆಗೆ, ಊರಿನ ಎಲ್ಲ ಸಂಭ್ರಮಕ್ಕೂ ಡೋಲು ಬೇಕು, ಬಡಿಯುವವನು ಅಂಗಳದ ಹೊರಗೆ. ಡೋಲು ಬಡಿಯುವುದು ಕಲೆ. ಕರೆದಾಗ ಬಡಿಯಲೇಬೇಕು ಎಂಬುದು ಅಜಲು. ಈ ವ್ಯತ್ಯಾಸ ಮರೆತು ಜಾನಪದ ಮೇಳಗಳಲ್ಲಿ ಡೋಲಿಗೆ ಚಪ್ಪಾಳೆ ಹೊಡೆದರೆ ಹಂಗಿಗೇ ಚಪ್ಪಾಳೆ ಹೊಡೆದ ಹಾಗೆ.

2021ರ ಡಿಸೆಂಬರ್ 27ರ ರಾತ್ರಿ ಕೋಟತಟ್ಟಿನ ಕೊರಗ ಕಾಲೊನಿಯಲ್ಲಿ ಮದುವೆಯ ಮೆಹೆಂದಿ ಕಾರ್ಯಕ್ರಮ ನಡೆಯುತ್ತಿತ್ತು. ಡಿ.ಜೆ. ಶಬ್ದ ಜೋರಾಯಿತೆಂದು ಪೊಲೀಸರು ಬಂದರು, ಲಾಠಿ ಬೀಸಿದರು. ಸುದ್ದಿ ರಾಜ್ಯದ ತುಂಬ ಆಯಿತು, ಸಬ್ ಇನ್‌ಸ್ಪೆಕ್ಟರ್ ಅಮಾನತಾದರು. ಕರಾವಳಿಯಲ್ಲಿ ಮೆಹೆಂದಿಯ ರಾತ್ರಿ ಡಿ.ಜೆ. ಇಡುವುದು ಈಗ ಎಲ್ಲ ಜಾತಿಗಳ ಮನೆಯಲ್ಲೂ ಉಂಟು. ಎಷ್ಟು ಮನೆಗಳಲ್ಲಿ ಲಾಠಿ ಬೀಸಿದ್ದಾರೆ? ಊರ ಹಬ್ಬವನ್ನು ಸಾರಲು ಕೊರಗನ ಡೋಲು ಬೇಕು. ಅವನ ಮನೆಯ ಮದುವೆಯ ಸಂಗೀತ ಮಾತ್ರ ಗದ್ದಲ.

ಕಾರಂತರ ಹೆಸರಿನ ಥೀಮ್ ಪಾರ್ಕ್ ಇರುವುದೂ ಇದೇ ಕೋಟತಟ್ಟಿನಲ್ಲಿ. ಇದನ್ನು ಕಾರಂತರನ್ನಾಗಲೀ ಪಾರ್ಕು ಕಟ್ಟಿದವರನ್ನಾಗಲೀ ಹಳಿಯಲಿಕ್ಕೆ ಹೇಳುತ್ತಿಲ್ಲ. ಒಂದು ಊರು ಚೋಮನ ದುಡಿಯನ್ನು ಸಾಹಿತ್ಯವಾಗಿ ಗೌರವಿಸುತ್ತಿರುವಾಗಲೇ, ಬದುಕಿರುವವರ ವಾದ್ಯ ಆ ಊರಿನ ಕಾನೂನಿಗೆ ಉಪದ್ರವವಾಗಿ ಕೇಳಿಸಬಹುದು. ಮನ್ನಣೆ ಎಂಬ ಪರಿಕಲ್ಪನೆಯನ್ನು ಪ್ರಶಸ್ತಿ, ಪ್ರತಿಮೆ, ಪಠ್ಯಪುಸ್ತಕಗಳಲ್ಲಿ ಹುಡುಕುವವರು ಈ ಬಿರುಕನ್ನು ನೋಡಬೇಕು. ಸತ್ತ ಚೋಮನಿಗೆ ಸಿಕ್ಕಿದ ಗೌರವದ ಒಂದು ಪಾಲೂ ಬದುಕಿದ ನೆರೆಯವನಿಗೆ ತಾನಾಗಿ ಹರಿದು ಬರುವುದಿಲ್ಲ.

7

ಹಾಗಾದರೆ ಒಳ್ಳೆಯತನಕ್ಕೆ ಬೆಲೆಯೇ ಇಲ್ಲವೇ? ಇದೆ, ಒಂದು ಷರತ್ತಿನಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ ದಲಿತರಿಗಾಗಿ ಶಾಲೆ ತೆರೆದರು, ತಮ್ಮ ಜಾತಿಯವರಿಂದ ಬಹಿಷ್ಕಾರ ಅನುಭವಿಸಿದರು. ಅವರಲ್ಲೂ ಇದ್ದದ್ದು ಕರುಣೆಯೇ. ಆದರೆ ಅಕ್ಷರ ಕಲಿತವನು ಕಲಿಸಿದವನ ಮುಖ ನೋಡಬೇಕಾಗಿಲ್ಲ. ತನ್ನ ಅಗತ್ಯವನ್ನು ತಾನೇ ಅಳಿಸಿಹಾಕುವ ಕರುಣೆ ಒಂದು. ತನ್ನ ಅಗತ್ಯವನ್ನು ದಿನದಿನವೂ ಉಳಿಸಿಕೊಳ್ಳುವ ಕರುಣೆ ಇನ್ನೊಂದು. ಎರಡನೆಯದರ ಹೆಸರು ಧಣಿತನ.

ಇವತ್ತು ಆ ಧಣಿತನ ಚಾವಡಿಯಿಂದ ಎದ್ದು ತಾಲೂಕು ಕಚೇರಿಗೂ ಬಂದು ಕೂತಿದೆ. ಸಂವಿಧಾನದಲ್ಲಿ ನಾವು ನಾಗರಿಕರು. ಕಚೇರಿಯ ಕಡತದಲ್ಲಿ 'ಫಲಾನುಭವಿ'ಗಳು. ಪಾರ್ಥ ಚಟರ್ಜಿ 2004ರ ಪುಸ್ತಕದಲ್ಲಿ ಹೇಳಿದ್ದು ಇದನ್ನೇ: ಬಡವರಲ್ಲಿ ಬಹುಪಾಲು ಜನರ ಜೊತೆ ಪ್ರಭುತ್ವ ವ್ಯವಹರಿಸುವುದು ಹಕ್ಕಿರುವ ನಾಗರಿಕರು ಎಂದಲ್ಲ, ನಿಭಾಯಿಸಬೇಕಾದ ಜನಗುಂಪು ಎಂದು. ಫಲಾನುಭವಿಗೆ ಅಕ್ಕಿ ಬರುತ್ತದೆ, ಮನೆ ಬರುತ್ತದೆ. ಬಾರದಿದ್ದರೆ ಯಾರದೋ ಮುಖ ನೋಡಬೇಕು. ಧಣಿಯ ಜಾಗಕ್ಕೆ ಗುಮಾಸ್ತ ಬಂದ, ಗುಮಾಸ್ತನ ಮೇಲೆ ಪುಢಾರಿ ಬಂದ. ಹಂಗಿನ ಮನೆ ವಿಳಾಸ ಬದಲಾಯಿತು, ಅಷ್ಟೆ.

ಇಲ್ಲಿ ಎರಡು ಮಾತುಗಳ ವ್ಯತ್ಯಾಸ ಮುಖ್ಯ. 'ಮಂಜೂರು' ಎಂದರೆ ಸರಕಾರ ತನ್ನದನ್ನು ಕೊಡುವುದು. 'ಮಾನ್ಯತೆ' ಎಂದರೆ ನಮ್ಮದನ್ನು ನಮ್ಮದೆಂದು ಒಪ್ಪುವುದು. 2006ರ ಅರಣ್ಯ ಹಕ್ಕು ಕಾಯ್ದೆ ಎರಡನೆಯ ಮಾತನ್ನು ಬಳಸಿತು. ಅದು ಅರಣ್ಯ ಹಕ್ಕುಗಳ ಮಾನ್ಯತೆಯ ಕಾಯ್ದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದಕ್ಕೆ ಪುರಾವೆ ಕೊಡಬೇಕು. ಕೊಲ್ಲೂರು, ಅಮಾಸೆಬೈಲು ಕಡೆಯ ಕಾಡಂಚಿನ ದಲಿತ ಕುಟುಂಬ 75 ವರ್ಷದ ಕಾಗದವನ್ನು ಯಾವ ಪೆಟ್ಟಿಗೆಯಿಂದ ತೆಗೆಯಬೇಕು? 1974ರಲ್ಲಿ ಗೇಣಿ ಚೀಟಿ ಕೇಳಿದ ದನಿಯೇ ಮತ್ತೆ ಕೇಳಿಸುತ್ತದೆ. ದಲಿತರಿಗೆಂದೇ ಮೀಸಲಾದ ಡಿ.ಸಿ. ಮನ್ನಾ ಜಾಗಗಳನ್ನು ಅಳೆದು ಹಂಚಿ ಎಂದು ಈ ಜಿಲ್ಲೆಯ ದಲಿತ ಸಂಘಟನೆಗಳು ಕೂಗುತ್ತಿರುವುದೂ ಇದಕ್ಕೇ. ಅವರು ದಾನ ಕೇಳುತ್ತಿಲ್ಲ, ಕಾಗದದಲ್ಲಿ ಆಗಲೇ ತಮ್ಮದಾಗಿರುವುದನ್ನು ತೋರಿಸಿ ಎನ್ನುತ್ತಿದ್ದಾರೆ.

ದಲಿತ ವಿಮರ್ಶೆ ಪರಿಕಲ್ಪನೆಗಳನ್ನು ಹೀಗೆ ಬಳಸಿಕೊಳ್ಳಬೇಕು. ಕೃತಿಯೊಂದರಲ್ಲಿ, ಯೋಜನೆಯೊಂದರಲ್ಲಿ, ಚಳವಳಿಯ ನಾಯಕನೊಬ್ಬನ ಮಾತಿನಲ್ಲಿ ಒಳ್ಳೆಯತನ ಕಂಡಾಗ ಎರಡು ಪ್ರಶ್ನೆ ಹಾಕಬೇಕು. ಕೊಡದಿದ್ದರೆ ಕೇಳಿ ತೆಗೆದುಕೊಳ್ಳಬಹುದೇ? ಕೊಟ್ಟಾಗ ಬೇಡ ಎನ್ನಬಹುದೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಅದು ಹಕ್ಕು. ಇಲ್ಲವಾದರೆ ಎಷ್ಟೇ ಸಿಹಿಯಾಗಿದ್ದರೂ ಹಂಗು. ಈ ಪ್ರಶ್ನೆಗಳನ್ನು ದಲಿತ ಸಂಘಟನೆಗಳ ಒಳಗೂ ಕೇಳಬೇಕು. ಅಲ್ಲೂ ಕೊರಗರ ಮಾತಿಗೆ, ಹೆಂಗಸರ ಮಾತಿಗೆ ಯಾರ ಮರ್ಜಿ ಕಾಯಬೇಕಾಗುತ್ತದೆ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. ಚೋಮನ ಮಗಳು ಬೆಳ್ಳಿಯ ಬಗ್ಗೆ ನಾವು ಬರೆದಿರುವುದು ಎಷ್ಟು ಕಡಿಮೆ ಎಂದು ಎಣಿಸಿ ನೋಡಿದರೂ ಸಾಕು.

ಕಾಲೇಜಿನ ಪರೀಕ್ಷೆಯಲ್ಲಿ ಚೋಮನ ಪಾತ್ರಚಿತ್ರಣ ಮಾಡಿರಿ ಎಂದು ಕೇಳುವುದು ರೂಢಿ. ಅದನ್ನು ಬಿಡಬೇಕೆಂದಿಲ್ಲ. ಅದರ ಜೊತೆಗೆ ಕುಂದಾಪುರದ, ಬೈಂದೂರಿನ ವಿದ್ಯಾರ್ಥಿಗಳಿಗೆ ಇನ್ನೊಂದು ಕೆಲಸ ಕೊಡಬಹುದು: ತಮ್ಮ ಊರಿನ ಪಹಣಿ ತೆಗೆಸಿ, ಖಾತೆದಾರರ ಹೆಸರಿರುವ 9ನೇ ಕಾಲಂನಲ್ಲಿ ಚೋಮನ ಜಾತಿಯವರ, ಕೊರಗರ ಹೆಸರು ಎಷ್ಟು ಸಲ ಬರುತ್ತದೆಂದು ಎಣಿಸಿಕೊಂಡು ಬನ್ನಿ. ಆ ಎಣಿಕೆ ಕೈಯಲ್ಲಿಟ್ಟುಕೊಂಡು ಕಾದಂಬರಿಯನ್ನು ಮತ್ತೊಮ್ಮೆ ಓದಲಿ. ಸಂಕಪ್ಪಯ್ಯ ಒಳ್ಳೆಯವನೇ ಎಂಬ ಚರ್ಚೆ ಆಮೇಲೆ ಮಾಡೋಣ.